ಎರಡನ್ನು ಒತ್ತಿದವಳ ಅಹವಾಲು

ಮಾನ್ಯ ಫೋನ್ ಯಂತ್ರದವರ ಸನ್ನಿಧಿಗೆ,

ದೊಡ್ಡಾಸ್ಪತ್ರೆಯ ಎಡಿಎಚ್‌ಡಿ ವಿಭಾಗದಲ್ಲಿ ಕೂತು, ನನ್ನಂಥ ಗಮನ ನಿಲ್ಲದವರಿಗೆ ತಪಾಸಣೆಯ ದಿನವನ್ನು ದಣಿವಿಲ್ಲದೆ ನೆನಪಿಸುತ್ತಿರುವ ತಮಗೆ, ಬಟ್ಟೆ ಹೊಲಿಯುವ ನಾನು ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು. ಒಂದು ಕೈಯಲ್ಲಿ ಕತ್ತರಿ ಇದೆ, ತಪ್ಪು ತಿಳಿಯಬಾರದು. ಬೆಳಿಗ್ಗೆಯಿಂದ ಹುಡುಕುತ್ತಿದ್ದುದು ಅದನ್ನೇ.

ತಮಗೆ ನನ್ನ ಪರಿಚಯವಿದೆ, ಆದರೆ ಹಳೆಯ ಹೆಸರಿನಲ್ಲಿ. ಎಲ್ಲರೂ ನನ್ನನ್ನು ಗಂಡೆಂದು ನಂಬಿದ್ದ ಕಾಲದ ಆ ಹೆಸರು ಬಿಟ್ಟು ಆರು ವರ್ಷವಾಯಿತು. ನಾನು ಹೆಣ್ಣೆಂಬುದನ್ನು ಅಕ್ಕ, ಅಕ್ಕಪಕ್ಕದವರು, ಕೊನೆಗೆ ಅಂಗಡಿಯ ಯಜಮಾನರೂ ಒಪ್ಪಿಕೊಂಡರು. ತಮ್ಮ ನೆನಪಿನ ಶಕ್ತಿ ಮಾತ್ರ ಅಗಾಧ.

ಮೊದಲ ಸಲ ತಾವು ಕರೆ ಮಾಡಿ, ಆ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ, ಇವರೇ ಆಗಿದ್ದರೆ ಒಂದನ್ನು ಒತ್ತಿ, ಅಲ್ಲವಾದರೆ ಎರಡನ್ನು ಒತ್ತಿ ಎಂದು ಅಪ್ಪಣೆ ಕೊಡಿಸಿದಿರಿ. ನಾನು ಅವನಲ್ಲ ಎಂದು ಹೇಳಲು ಜೀವಮಾನದಲ್ಲಿ ಯಾರೂ ಇಷ್ಟು ಸುಲಭದ ದಾರಿ ತೋರಿಸಿರಲಿಲ್ಲವಾದ್ದರಿಂದ, ಸಂತೋಷ ತಡೆಯಲಾರದೆ ಎರಡನ್ನು ಎರಡು ಸಲ ಒತ್ತಿದೆ. ತಪಾಸಣೆ ರದ್ದಾಯಿತು.

ಎರಡನೇ ಸಲ ಅಕ್ಕ ಪಕ್ಕದಲ್ಲೇ ಕೂತು, "ಹೆಸರು ಏನಾದ್ರೂ ಆಗ್ಲಿ ಕಣೇ, ಸುಮ್ನೆ ಒಂದು ಒತ್ತು" ಎಂದಳು. ಹಲ್ಲು ಕಚ್ಚಿ ಒತ್ತಿದೆ. ತಾವು ಹನ್ನೊಂದು ನಿಮಿಷ ಕಾಯುವಂತೆ ಹೇಳಿ ಕೊಳಲು ಕೇಳಿಸಿದಿರಿ. ನಿಂತಲ್ಲಿ ನಿಲ್ಲಲಾರದವರ ವಿಭಾಗಕ್ಕೆ ಈ ಏರ್ಪಾಡು ಮಾಡಿದ ಮಹನೀಯರಿಗೆ ಸನ್ಮಾನವಾಗಬೇಕು. ನಾಲ್ಕನೇ ನಿಮಿಷಕ್ಕೆ ನಾನು ಹೊಲಿಗೆ ಡಬ್ಬಿಯ ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದ್ದೆ. ಫೋನು ಸಿಕ್ಕಿದ್ದು ಸಂಜೆ, ಡಬ್ಬಿಯ ತಳದಲ್ಲಿ, ಕಡುನೀಲಿ ಗುಂಡಿಗಳ ಜೊತೆ.

ಮೂರನೇ ಸಲ ತಮ್ಮನ್ನು ನಂಬದೆ ಅಕ್ಕನೇ ನನ್ನನ್ನು ಕೈ ಹಿಡಿದು ಆಸ್ಪತ್ರೆಗೆ ಕರೆತಂದಳು. ವೈದ್ಯರು ನನ್ನ ಶಾಲೆಯ ವರದಿ ನೋಡಿ, ಶಾಂತ ಹುಡುಗ ಎಂದು ಬರೆದಿದೆ, ಹಾಗಾಗಿ ಇದು ಎಡಿಎಚ್‌ಡಿ ಅಲ್ಲ, ಲಿಂಗದ ಗೊಂದಲ, ಎದುರು ಕೋಣೆಗೆ ಹೋಗಿ ಎಂದರು. ನನ್ನಲ್ಲಿದ್ದ ಅಷ್ಟಿಷ್ಟು ಗಮನವೂ ಶಾಲೆಯಲ್ಲಿ ಹುಡುಗನಂತೆ ನಡೆಯುವುದಕ್ಕೆ, ಹುಡುಗನಂತೆ ನಗುವುದಕ್ಕೆ ಸರಿಹೋಗುತ್ತಿತ್ತೆಂದು ಆ ವರದಿ ಬರೆದ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? ಎದುರು ಕೋಣೆಯವರೋ, ಗಮನವೇ ನಿಲ್ಲದವಳು ತಾನು ಹೆಣ್ಣೆಂದರೆ ಹೇಗೆ ನಂಬುವುದು, ಮೊದಲು ಅದನ್ನು ಸರಿಮಾಡಿಕೊಂಡು ಬಾ ಎಂದು ಹಿಂದಕ್ಕೆ ಅಟ್ಟಿದರು. ಸ್ವಾಮಿ, ಈ ಬದುಕಿನಲ್ಲಿ ನಾನು ಎಲ್ಲೂ ಇಟ್ಟು ಮರೆಯದ ಸಂಗತಿ ಹೆಣ್ಣೆಂಬುದೊಂದೇ. ಹೀಗೆ ಅಲ್ಲಿಂದಿಲ್ಲಿಗೆ ಅಲೆಯುತ್ತಿದ್ದಾಗ ನನ್ನ ಸರದಿ ಕೂಗಿ, ಗೈರುಹಾಜರೆಂದು ಬರೆದು, ಫೈಲು ಮುಚ್ಚಿದರು.

ಇತ್ತ ಯಜಮಾನರು, ನಾನು ಒಂದೇ ಕೋಟಿಗೆ ಎರಡು ಎಡತೋಳು ಹಚ್ಚಿದ ಮೇಲೆ, "ಡಾಕ್ಟರ್ ಚೀಟಿ ತಾ, ನಿನಗೆ ಹೊಂದೋ ಹಾಗೆ ಕೆಲಸ ಕೊಡ್ತೀನಿ. ಇಲ್ಲಾಂದ್ರೆ ಈ ತಿಂಗಳಿಗೆ ಸಾಕು ಕಣಮ್ಮ" ಎಂದಿದ್ದಾರೆ. ಕೆಲಸ ಹೋಗುವ ಭಯದಲ್ಲಿ ನನಗೆ ಊಟ ಸೇರುತ್ತಿಲ್ಲ.

ಆದ್ದರಿಂದ ಬಿನ್ನಹವೇನೆಂದರೆ, ಮೂರನ್ನು ಒತ್ತಿದರೆ "ಆ ಹೆಸರಿನವರು ಹೊರಟುಹೋಗಿದ್ದಾರೆ, ಬದಲಿಗೆ ನಾನು ಬರುತ್ತೇನೆ" ಎಂದಾಗುವಂತೆ ಮಾಡಬೇಕು. ಕೊಳಲಿನ ಬದಲು ಅಕ್ಕನ ದನಿಯಲ್ಲಿ "ಏಳೇ, ಚಪ್ಪಲಿ ಹಾಕು, ಬೇರೇನೂ ಮುಟ್ಟಬೇಡ" ಎಂದು ಗದರಿಸಬೇಕು. ಎರಡು ಕೋಣೆಗಳ ನಡುವಿನ ಗೋಡೆಗಳನ್ನು ಒಡೆದು ವೈದ್ಯರಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಕು. ಧೂಳು ತಡೆಯಲು ಪರದೆ ನಾನೇ ಪುಕ್ಕಟೆ ಹೊಲಿದುಕೊಡುತ್ತೇನೆ, ಯಾವಾಗ ಎಂದು ಮಾತ್ರ ಕೇಳಬಾರದು.

ತಮ್ಮ ವಿಶ್ವಾಸಿ,
ಎರಡನ್ನು ಒತ್ತಿದವಳು

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಾವೇ ಮತ್ತೆ ಕರೆ ಮಾಡಿ, ಫೈಲು ಮುಚ್ಚಿದ ಸೇವೆ ತೃಪ್ತಿಕರವೇ ಎಂದು ವಿಚಾರಿಸಿದಿರಿ, ದೂರಿದ್ದರೆ ಕಾಯಬೇಕೆಂದಿರಿ. ಅಕ್ಕ ನನ್ನ ಕೈಗೆ ಹೊಲಿಯಲು ಒಂದು ತೋಳು ಕೊಟ್ಟು, ಫೋನನ್ನು ತಾನೇ ನನ್ನ ಕಿವಿಗೆ ಹಿಡಿದಳು. ಹನ್ನೊಂದು ನಿಮಿಷವೂ ಕಾದೆ. ಕೊನೆಗೆ ಜೀವಂತ ಹೆಂಗಸೊಬ್ಬಳು ಸಿಕ್ಕಳು, ಹೆಸರು ಕೇಳಿದಳು, ನನ್ನ ಹೆಸರು ಹೇಳಿದೆ. ಆ ಹೆಸರಿನ ಫೈಲೇ ಇಲ್ಲವೆಂದು ಹೊಸದು ತೆರೆದು, ಗುರುವಾರ ಹತ್ತು ಗಂಟೆಗೆ ಬರಹೇಳಿದ್ದಾಳೆ. ನಾನು ಬರುತ್ತೇನೆ. ಅವನಿಗಾಗಿ ಮಾತ್ರ ಇನ್ನು ಕಾಯಬೇಡಿ.