ನನ್ನ ಅಪಹರಣವೂ ನನ್ನವಳ ಅಭಿನಯವೂ

ನನ್ನ ಬಾಯಿಂದ ಹೊರಡಬೇಕಿದ್ದ ಅಮರ ಸಂಭಾಷಣೆಯೊಂದು ಬಾಯೊಳಗೇ ಸಮಾಧಿಯಾಯಿತು. ಕಾರಣ ನನ್ನ ಹೆಂಡತಿ. ಕೋಪಿಸಿಕೊಳ್ಳೋಣವೆಂದರೆ ಮೆಚ್ಚುಗೆ ಅಡ್ಡ ಬರುತ್ತದೆ. ನನ್ನ ಹಣೆಬರಹ!

ನನ್ನ ಭಾಮೈದ ಒಂದು ಸಿನಿಮಾ ತೆಗೆದ. (ಅಲ್ಲಿಯವರೆಗೆ ಅವನು ತೆಗೆದದ್ದು ತಕರಾರು ಮಾತ್ರ.) ಇಬ್ಬರು ಪೆದ್ದ ಕಳ್ಳರು ಕೋಟ್ಯಧೀಶನೆಂದು ತಿಳಿದು ಬಡ ಗುಮಾಸ್ತನನ್ನು ಹೊತ್ತೊಯ್ಯುತ್ತಾರೆ. ಅವನ ಹೆಂಡತಿಗೆ ಫೋನ್ ಮಾಡಿದರೆ ಅವಳು ಗೋಳೋ ಎಂದು ಅಳುತ್ತಾಳೆ. ಕೊನೆಗೆ ಗುಮಾಸ್ತ ಬಾಯಿಯ ಟೇಪು ಕಿತ್ತೆಸೆದು, "ಬಡವನ ಪ್ರಾಣಕ್ಕೂ ಬೆಲೆ ಇದೆ ಕಣ್ರೋ!" ಎಂದು ಗರ್ಜಿಸುತ್ತಾನೆ. ಗುಮಾಸ್ತ ನಾನು. ಇರುವುದೊಂದೇ ಮಾತು, ಆದರೆ ಎಂಥ ಮಾತು! ಆಫೀಸಿನಲ್ಲಿ ಎಲ್ಲರಿಗೂ ಗರ್ಜಿಸಿ ತೋರಿಸಿಯಾಗಿತ್ತು.

ಅಳಬೇಕಿದ್ದ ನಟಿ ಚಿತ್ರೀಕರಣದ ದಿನವೇ ಕೈಕೊಟ್ಟಳು.

"ಅಕ್ಕಾ, ನೀನೇ ಒಂಚೂರು ಅತ್ತುಬಿಡೇ," ಎಂದ ಭಾಮೈದ.

ನನ್ನವಳು ವಾಷಿಂಗ್ ಮೆಷಿನ್ ಕಂಪನಿಯೊಂದರ ದೂರು ವಿಭಾಗದಲ್ಲಿ ಹಗಲಿಡೀ ಫೋನ್ ಎತ್ತುವವಳು. ಅಳಿಸುವ ಗಿರಾಕಿಗಳನ್ನು ಕಂಡಿದ್ದಾಳೆಯೇ ಹೊರತು ಅತ್ತವಳಲ್ಲ. ಆದರೂ ಒಪ್ಪಿದಳು.

ನನ್ನನ್ನು ನಮ್ಮದೇ ಕುರ್ಚಿಗೆ ಬಿಗಿದು ಬಾಯಿಗೆ ಟೇಪು ಮೆತ್ತಿದರು. ಕ್ಯಾಮೆರಾ ಓಡಿತು. ಕಳ್ಳನ ವೇಷದಲ್ಲಿದ್ದ ಪಕ್ಕದ ಮನೆ ಮೇಷ್ಟ್ರು ಫೋನ್ ಹಚ್ಚಿದರು. ಕೋಣೆಯ ಇನ್ನೊಂದು ಮೂಲೆಯಲ್ಲಿ ಗಂಟೆ ಬಾರಿಸಿದ್ದೇ ತಡ, ಫೋನ್ ಎತ್ತಿದ ನನ್ನವಳಿಗೆ ಅಳು ಮರೆತು ಅಭ್ಯಾಸ ನೆನಪಾಯಿತು.

"ನಮಸ್ಕಾರ. ಹೇಳಿ ಸಾರ್, ಏನು ತೊಂದರೆ?"

ಮೇಷ್ಟ್ರು ತಬ್ಬಿಬ್ಬಾದರು. "ನಿನ್ ಗಂಡ ನಮ್ಮ ಹತ್ರ ಇದಾನೆ!"

"ಸರಿ ಸಾರ್. ತುಂಬಾ ಸದ್ದು ಮಾಡ್ತಿದೆಯಾ?"

"ಹೌದು... ಮೇಡಂ." (ಟೇಪಿನೊಳಗಿಂದ ನಾನು ಪ್ರತಿಭಟಿಸುತ್ತಿದ್ದೆ.)

"ಎಷ್ಟು ಹಳೇದು ಸಾರ್?"

"ಐವತ್ತರ ಹತ್ರ ಇರಬಹುದು ಮೇಡಂ."

"ಕ್ಷಮಿಸಿ ಸಾರ್, ವಾರಂಟಿ ಮುಗಿದಿದೆ. ವಾಪಸ್ ತಗೊಳ್ಳಕ್ಕೆ ಬರಲ್ಲ. ನೀವೇ ಬಿಚ್ಚಕ್ಕೆ ಹೋಗ್ಬೇಡಿ, ಇನ್ನೂ ಹಾಳಾಗತ್ತೆ. ಕರೆ ಮಾಡಿದ್ದಕ್ಕೆ ಧನ್ಯವಾದ."

ಫೋನ್ ಇಟ್ಟ ಮೇಲೆ "ಅಯ್ಯೋ!" ಎಂದು ನಾಲಿಗೆ ಕಚ್ಚಿಕೊಂಡಳು. ಭಾಮೈದ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದ.

"ಅಕ್ಕಾ, ಇದೇ ಸಿನಿಮಾ! ಇನ್ನು ಕಥೆಯೆಲ್ಲ ನಿಂದೇ!"

ನನ್ನ ಗರ್ಜನೆಯ ಗತಿ? "ಮ್ಮ್! ಮ್ಮ್!" ಎಂದೆ.

"ಬಿಚ್ಚಬೇಡಿ ಅಂತ ಅಕ್ಕನೇ ಹೇಳಿದಾಳಲ್ಲ ಭಾವ. ಟೇಪು ಕೊನೇವರೆಗೂ ಇರ್ಲಿ."

ಸಿನಿಮಾ ತೆರೆಕಂಡಾಗ ಜನ ಬಿದ್ದು ಬಿದ್ದು ನಕ್ಕರು. ನಿಜ ಹೇಳುತ್ತೇನೆ, ನಾನೂ ನಕ್ಕೆ. ಕಳ್ಳರನ್ನು ಸಾರ್ ಸಾರ್ ಎನ್ನುತ್ತಲೇ ಆಟವಾಡಿಸುವ ಆ ಹೆಂಗಸು ನನ್ನ ಹೆಂಡತಿ ಎಂದು ಪಕ್ಕದ ಸೀಟಿನ ಅಪರಿಚಿತನಿಗೂ ಹೇಳಿದೆ. ಹೊರಗೆ ನಮ್ಮ ಮ್ಯಾನೇಜರ್ ಅವಳಿಗೆ ಕೈಮುಗಿದು ನನ್ನ ಬೆನ್ನು ತಟ್ಟಿದರು.

"ನಿಮಗೆ ಇಷ್ಟು ಚೆನ್ನಾಗಿ ಸುಮ್ನಿರಕ್ಕೆ ಬರತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣ್ರಿ!"

ಮನೆಗೆ ಬಂದರೂ ನನ್ನ ಮುಖ ಸಪ್ಪಗಿತ್ತು.

"ಪಾಪ, ಆ ಡೈಲಾಗ್ ಈಗ ಹೇಳಿ. ನಾನು ಕೇಳ್ತೀನಿ," ಎಂದು ನನ್ನವಳು ಎದುರಿಗೆ ಕುಳಿತಳು.

ಎಂಥ ಹೆಂಡತಿ! ಎದೆಯುಬ್ಬಿಸಿ, ಕಿಟಕಿಗಳು ಅದುರುವಂತೆ ಗರ್ಜಿಸಿದೆ. ಅವಳು ಕಣ್ಣು ಮಿಟುಕಿಸದೆ ಪೂರ್ತಿ ಕೇಳಿಸಿಕೊಂಡಳು. ನಂತರ ಮೆಲ್ಲಗೆ ಎದ್ದಳು.

"ನಿಮ್ಮ ದೂರು ದಾಖಲಾಗಿದೆ ಸಾರ್," ಎಂದು ಅಡುಗೆಮನೆಗೆ ಹೋದಳು.