ಮಾವನ ಬಂದೂಕು, ಅತ್ತೆಯ ಲೈಸೆನ್ಸು

ನಮ್ಮ ಸೋದರಮಾವ ಬಂದೂಕು ಸಂಗ್ರಹಕಾರ. ಹೊನ್ನವಳ್ಳಿಯಲ್ಲಿ ಯಾರನ್ನು ಕೇಳಿದರೂ ‘ಬಂದೂಕಿನ ಯಜಮಾನ್ರ ಮನೆಯಾ?’ ಎಂದು ದಾರಿ ತೋರಿಸುತ್ತಾರೆ. ಅವನ ಸಂಗ್ರಹದಲ್ಲಿ ಎಷ್ಟು ಬಂದೂಕುಗಳಿವೆ ಅಂತೀರಿ? ಒಂದು! ಕಾಯಿದೆ ಎರಡಕ್ಕೆ ಒಪ್ಪುತ್ತದಂತೆ. ಅತ್ತೆ ಒಪ್ಪಿದ್ದು ಒಂದಕ್ಕೆ, ಅದೂ ಅರೆಮನಸ್ಸಿನಿಂದ.

ಆ ಒಂದು ಮಾತ್ರ ಸಾಮಾನ್ಯದ್ದಲ್ಲ. ಬ್ರಿಟಿಷರ ಸೈನ್ಯದಲ್ಲಿ ದುಡಿದು, ಅಲ್ಲಿ ಬೇಡವಾಗಿ ಪೊಲೀಸರ ಕೈ ಸೇರಿ, ಅಲ್ಲೂ ಬೇಡವಾಗಿ, ಕೊನೆಗೆ ಬಂದೂಕಿನ ಅಂಗಡಿಯೊಂದರ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ತೋಟಕ್ಕೆ ಹಂದಿ ಕಾಟ ಎಂದು ಲೈಸೆನ್ಸ್ ಮಾಡಿಸಿಕೊಂಡು ಹೋದ ಮಾವನಿಗೆ ಅಂಗಡಿಯವನು ಹೊಸ ಬಂದೂಕು ತೋರಿಸಿದರೆ, ಇವನ ಕಣ್ಣು ಹೋಗಿದ್ದು ಆ ಮೂಲೆಗೆ. ಹೆಣ್ಣು ನೋಡಲು ಹೋದವನು ಹುಡುಗಿಯ ಅಜ್ಜಿಯನ್ನು ಒಪ್ಪಿಕೊಂಡು ಬಂದ ಹಾಗೆ!

ತಂದವನು ಹಂದಿ ಹೊಡೆದನೇ? ಒಂದು ಗುಂಡು ಹಾರಿಸಿದ್ದರೆ ಕೇಳಿ. “ಎಷ್ಟು ಯುದ್ಧ ಕಂಡು ದಣ್ದು ಬಂದೈತೋ ಏನೋ. ಪಾಪ, ವಯಸ್ಸಾದ ಕಾಲದಲ್ಲಿ ಅದ್ನ ಹಂದಿ ಮೇಲೆ ಬುಡಾದಾ?” ಎನ್ನುತ್ತಿದ್ದ. ತೋಟಕ್ಕೆ ಹಂದಿ ನುಗ್ಗಿದ ಸುದ್ದಿ ಬಂದರೆ ಬಂದೂಕನ್ನು ಹೆಗಲಿಗೇರಿಸಿ ಗಂಭೀರವಾಗಿ ಮುಂದೆ ನಡೆಯುವವನು ಮಾವ. ಹಿಂದಿನಿಂದ ಎಣ್ಣೆ ಡಬ್ಬ ಬಡಿಯುತ್ತಾ ಹೋಗುವವಳು ಅತ್ತೆ. ಹಂದಿಗಳು ಓಡುತ್ತಿದ್ದುದು ಯಾರಿಗೆ ಹೆದರಿ ಎಂದು ಬೇರೆ ಹೇಳಬೇಕೆ?

ಆದರೆ ಅದರ ಆರೈಕೆ ನೋಡಬೇಕಿತ್ತು! ನಳಿಗೆಯ ತುಕ್ಕು ಬಿಡಿಸಿದ. ಮರದ ಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ. ಮರಕ್ಕೆ ಅಗಸೆ ಎಣ್ಣೆ ತಿಕ್ಕಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಮಾವನಿಗೆ ಅದು ಅವಮಾನವಾಯಿತು. “ತಿಪಟೂರು ಸೀಮೇಲಿ ಹುಟ್ಟಿ ಅಗಸೆ ಎಣ್ಣೆ ಹಚ್ಚಾದಾ? ಜನ ನಗಾಕಿಲ್ವಾ?” ಎಂದು ಸ್ವಂತ ತೋಟದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು, ಆ ಎಣ್ಣೆಯನ್ನೇ ಕುಡಿಸಿ ಕುಡಿಸಿ ತಿಕ್ಕಿದ. ಬಂದೂಕು ಮದುವಣಗಿತ್ತಿಯಂತೆ ಹೊಳೆಯಿತು, ಚಟ್ನಿಯಂತೆ ಘಮಘಮಿಸಿತು. ಅದನ್ನು ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ.

ಅಟ್ಟದ ತುಂಬ ಒಣಗುತ್ತಿದ್ದ ಕೊಬ್ಬರಿ ಇತ್ತು. ಒಂದು ದಿನ ಹತ್ತಿ ನೋಡಿದರೆ, ಇಲಿಗಳು ಅದನ್ನೆಲ್ಲ ಬಿಟ್ಟು, ಪೆಟ್ಟಿಗೆಯ ಮೂಲೆ ಕೊರೆದು, ಬಂದೂಕಿನ ಹಿಂಬದಿಯನ್ನು ಕಚ್ಚಿ ತಿಂದಿದ್ದವು! ಕುರುಕ್ಷೇತ್ರ ಗೆದ್ದವನು ಇಲಿ ಬಾಯಿಗೆ ಬಿದ್ದನಲ್ಲ ಎಂದು ಮಾವ ತಲೆಯ ಮೇಲೆ ಕೈಹೊತ್ತು ಕುಳಿತ.

“ಅಳ್ಬೇಡಿ ಕಣ್ರೀ” ಎಂದಳು ಅತ್ತೆ. “ತೋಟ ಕಾಯಾಕೆ ಬಂದೂಕು ತಂದ್ರಿ. ಬಂದೂಕು ಕಾಯಾಕೆ ಒಂದು ಬೆಕ್ಕು ತತ್ತೀನಿ ಬುಡಿ.”

ತಂದಳು ಕೂಡ. ಮಾವ ಇಲಿ ತಿಂದ ಜಾಗಕ್ಕೆ ಹಲಸಿನ ಮರದ ತುಂಡು ಕೂಡಿಸಿ, ಬಾಯಿ ಮುಚ್ಚಿಕೊಂಡು ಅಗಸೆ ಎಣ್ಣೆಗೆ ಬದಲಾದ.

ಇನ್ನು ಚುನಾವಣೆ ಬಂತೆಂದರೆ ಅವನಿಗೆ ಸಂಕಟ. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ? ಮಾವ ಅತ್ತೆಯ ಹಳೇ ನೂಲಿನ ಸೀರೆಯಲ್ಲಿ ಅದನ್ನು ಸುತ್ತಿ ಎದೆಗವಚಿಕೊಂಡು ಹೋಗುತ್ತಿದ್ದ.

“ಏನ್ ಯಜಮಾನ್ರೇ, ಬಾಣಂತಿ ಕೂಸ್ನ ಸುತ್ತಿದಂಗೆ ಸುತ್ಕೊಂಡ್ ಬಂದಿದ್ದೀರಿ?” ಎಂದು ಪೊಲೀಸಿನವನು ನಕ್ಕರೆ ಇವನದು ಒಂದೇ ಉತ್ತರ: “ಶೀತ ಆಯ್ತದೆ ಕಣಪ್ಪ. ಗೋಡೆಗೆ ಒರಗಿಸಬ್ಯಾಡ.”

ಇಷ್ಟೆಲ್ಲ ಉಜ್ಜುವ ಮಾವ ಒಂದು ಜಾಗವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮರದ ಮೇಲೆ ಅಂಗೈಯಗಲ ಕಪ್ಪಗೆ, ತುಸು ಸವೆದು, ಹಾಗೇ ಇತ್ತು. ಅದನ್ನು ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿದೆ.

“ಅದು ಗುರಿ ಇಡೋನು ಕೆನ್ನೆ ಆನಿಸೋ ಜಾಗ ಕಣವ್ವ” ಎಂದ. “ಯಾವ ತಾಯಿ ಮಗನೋ. ಮನೆಗೆ ವಾಪಸ್ ಹೋದ್ನೋ ಇಲ್ವೋ. ಅವನ ಬೆವರು ಕುಡಿದು ಕಪ್ಪಾಗೈತೆ. ಅದ್ನ ಉಜ್ಜಾಕೆ ನಾನ್ಯಾರು?”

ಒಳಗಿನಿಂದ ಅತ್ತೆಯ ದನಿ ಬಂತು: “ಸತ್ತೋನ ಬೆವರು ಕಾಣ್ತದೆ. ಒಲೆ ಮುಂದೆ ಕುಂತೋಳ ಬೆವರು ಈ ಮನೇಲಿ ಯಾರ್ಗೂ ಕಾಣಾಕಿಲ್ಲ!”

ಹೋದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಮಾತೂ ತೊದಲಿತು. ಲೈಸೆನ್ಸ್ ನವೀಕರಣಕ್ಕೆ ವೈದ್ಯರ ಸರ್ಟಿಫಿಕೇಟ್ ಬೇಕು. ಈ ಕೈಗೆ ಕೊಡಲಾಗದು ಎಂದರು ವೈದ್ಯರು. ಮನೆಯ ಬೇರೆ ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಬಂದೂಕನ್ನು ಒಪ್ಪಿಸಿಬಿಡಬೇಕು. ಇರುವ ಒಬ್ಬಳೇ ಮಗಳು ಬೇಡವೆಂದು ಕೈಮುಗಿದಳು. ಮಾವ ಊಟ ಬಿಟ್ಟ. ಬಂದೂಕು ತೊಲಗಿದ ದಿನ ಅತ್ತೆ ಈಡುಗಾಯಿ ಒಡೆಯುತ್ತಾಳೆ ಎಂದು ನಾವೆಲ್ಲ ಮಾತಾಡಿಕೊಂಡೆವು.

ಅತ್ತೆ ಸೆರಗು ಸಿಕ್ಕಿಸಿಕೊಂಡು “ನನ್ನ ಹೆಸರಿಗೆ ಮಾಡ್ಸಿ” ಎಂದಳು!

ಗುಂಡು ಹಾರಿಸುವ ತರಬೇತಿಗೂ ಹೋದಳು. ಬಂದವಳನ್ನು ಮಾವ ಮೆಲ್ಲಗೆ “ಹೆಂಗಿತ್ತೇ?” ಎಂದು ಕೇಳಿದ. “ಕಿವಿ ಗುಂಯ್ ಅಂತು. ಡಬ್ಬಾನೇ ವಾಸಿ” ಎಂದು ಅಡುಗೆಮನೆಗೆ ನಡೆದಳು. ವಿಚಾರಣೆಯ ದಿನ ಜೊತೆಗೆ ನಾನಿದ್ದೆ. ಹಂದಿ ಕಾಟ ಎಂದೇ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆ. ಅಧಿಕಾರಿ “ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಬಂದೂಕು?” ಎಂದರು.

“ಹಂದಿ ಕಾಟ ಸ್ವಾಮಿ” ಎಂದಳು. ಅಷ್ಟಕ್ಕೆ ನಿಲ್ಲಿಸಬಾರದೇ? “ಹಂದಿಗೆ ಡಬ್ಬ ಸಾಕು ಅನ್ನಿ. ಇದು ಮನೇಲಿಲ್ದಿದ್ರೆ ನಮ್ಮ ಯಜಮಾನ್ರು ಉಣ್ಣಾಕಿಲ್ಲ.”

ಕೆಲಸ ಕೆಟ್ಟಿತು ಎಂದುಕೊಂಡೆ. ಅಧಿಕಾರಿ ನಕ್ಕರು, ಆಮೇಲೆ ಅರ್ಜಿಯನ್ನು ಹತ್ತಿರ ಎಳೆದುಕೊಂಡರು. ಲೈಸೆನ್ಸ್ ಬಂತು.

ಮೊನ್ನೆ ಹೋದಾಗ ಅತ್ತೆ ಜಗುಲಿಯಲ್ಲಿ ಬಂದೂಕು ಮಡಿಲಲ್ಲಿಟ್ಟುಕೊಂಡು ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಮಾವ. ಬಟ್ಟೆ ಆ ಕಪ್ಪು ಜಾಗದ ಹತ್ತಿರ ಬಂದಾಗ ಅವನು ಗಾಬರಿಯಿಂದ ಕೈ ಎತ್ತಿದ. ಅತ್ತೆ ತಲೆ ಕೂಡ ಎತ್ತದೆ ಅದನ್ನು ಬಿಟ್ಟು ಸುತ್ತ ತಿಕ್ಕಿಕೊಂಡು ಹೋದಳು.

“ಗೊತ್ತು ಬುಡಿ. ಅದು ಆ ಹುಡುಗನ ಜಾಗ.”

ಮಾವನ ಎತ್ತಿದ ಕೈ ಇನ್ನೂ ನಡುಗುತ್ತಿತ್ತು. ಆ ಕೈಯಲ್ಲೇ ಅವನು ಹೆಗಲ ಮೇಲಿನ ಟವೆಲ್ಲಿನ ತುದಿ ಹಿಡಿದು, ಅತ್ತೆಯ ಹಣೆಯ ಬೆವರನ್ನು ಒರೆಸಿದ. ಬಹಳ ಹೊತ್ತು ಒರೆಸಿದ.

ಅತ್ತೆ ಅವತ್ತು ಏನೂ ಬೈಯಲಿಲ್ಲ.