ಹಿಂದಕ್ಕೆ ಹರಿದ ಬೆಂಡೆ ಲೋಳೆ

ಲೋಳೆಯ ಮೇಲೆ ಪಿಎಚ್.ಡಿ. ಮಾಡುವವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನೀರಿನ ಹಾಗೆ ಹರಿಯುತ್ತಲೇ ರಬ್ಬರಿನ ಹಾಗೆ ಸೆಳೆದುಕೊಳ್ಳುವ ದ್ರವಗಳಿವೆ. ಅವು ಪೈಪು, ಕಾಲುವೆಗಳಲ್ಲಿ ಹೇಗೆ ಹರಿಯುತ್ತವೆ ಅಂತ ಹಾಳೆಯ ಮೇಲೆ ಸೂತ್ರ ಕಟ್ಟುವುದು ನನ್ನ ಕೆಲಸ. ಐದು ವರ್ಷದಿಂದ ಇದೇ ಹುಚ್ಚು.

1. ಸಿಂಕು

ನಾವಿರುವುದು ಬಾಬುರಾಯನಕೊಪ್ಪಲಲ್ಲಿ. ಮಗಳು ಪೈಪಿನ ಬಗ್ಗೆ ಓದ್ತಾಳೆ ಅಂತ ಅಮ್ಮ ಬೀದಿಗೆಲ್ಲ ಸಾರಿದ್ದರು. ಪಕ್ಕದ ಮನೆ ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಕಟ್ಟಿಕೊಂಡಿದ್ದ ಸಿಂಕಿನ ಮುಂದೆ ನಿಲ್ಲಿಸಿದರು. ನನಗೋ ಎಲ್ಲಿಲ್ಲದ ಉತ್ಸಾಹ! ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ.

“ಮೊದಲು, ಪೈಪಿಗೆ ಕೊನೆಯೇ ಇಲ್ಲ ಅಂದ್ಕೊಳ್ಳೋಣ ಅಕ್ಕಾ.”

“ಕೊನೆ ಇಲ್ದೆ ಏನವ್ವಾ? ನಮ್ದು ಮೋರಿಗಂಟ ಐತೆ.”

“ಎರಡನೇದು, ಗೋಡೆಗೆ ತಾಗಿದ ದ್ರವ ಜಾರಲ್ಲ ಅಂದ್ಕೊಳ್ಳೋಣ.”

“ಅಂದ್ಕೊಳ್ಳಾದೇನ್ ಬಂತು! ಜಾರ್ದೆ ತಾನೆ ಕಟ್ಕೊಂಡಿರಾದು!”

2. ಮೈನಸ್ಸು

ನನ್ನ ಕೊನೆಯ ಅಧ್ಯಾಯದ ಸೂತ್ರ ಒಂದು ವಿಚಿತ್ರ ಹೇಳುತ್ತಿತ್ತು. ಇಂಥ ದ್ರವವನ್ನು ತಳ್ಳುವುದನ್ನು ಥಟ್ಟನೆ ನಿಲ್ಲಿಸಿದರೆ, ಅದು ಒಂದು ಕ್ಷಣ ಹಿಂದಕ್ಕೆ ಹರಿಯುತ್ತದೆ ಅಂತ. ಪ್ರಬಂಧ ಒಪ್ಪಬೇಕಾದ ಹಿರಿಯ ಮೇಷ್ಟ್ರು ಜೀವಮಾನವೆಲ್ಲ ಬರೀ ನೀರಿನ ಲೆಕ್ಕ ಮಾಡಿದವರು.

“ಹಿಂದಕ್ಕೆ ಹರಿಯೋದುಂಟೇನಮ್ಮ? ಎಲ್ಲೋ ಮೈನಸ್ ತಪ್ಪಿದೆ. ಸೋಮವಾರದೊಳಗೆ ಸರಿ ಅಂತ ತೋರಿಸು, ಇಲ್ಲ ಅಧ್ಯಾಯ ಕಿತ್ತುಹಾಕು,” ಅಂದರು.

ಆ ಅಧ್ಯಾಯ ಹೋದರೆ ಐದು ವರ್ಷ ನೀರಲ್ಲಿ ಹೋಮ. ಮೂರು ದಿನ ಮೈನಸ್ ಹುಡುಕಿದೆ. ಊಟಕ್ಕೆ ಕೂತಾಗ ಅಮ್ಮ, “ಸಾರಿಗೆ ಉಪ್ಪು ಕಮ್ಮಿ ಆಯ್ತಾ?” ಅಂದರೆ, “ಇಲ್ಲ, ಬ್ರಾಕೆಟ್ ಒಳಗೂ ನೋಡ್ದೆ,” ಅಂದೆನಂತೆ.

3. ಆಲೆಮನೆ

ತಲೆ ಕೆಟ್ಟು, ಪಾಂಡವಪುರದ ಹತ್ತಿರ ದೊಡ್ಡಪ್ಪನ ಆಲೆಮನೆಗೆ ಹೋದೆ. ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡ ಜಜ್ಜಿ, ನೆನೆಸಿ, ಆ ಲೋಳೆ ಹಾಕುತ್ತಾರಲ್ಲ, ದೊಡ್ಡಪ್ಪ ಅದನ್ನೇ ಬಿಂದಿಗೆಯಿಂದ ಕೊಪ್ಪರಿಗೆಗೆ ಸುರಿಯುತ್ತಿದ್ದರು. ಸಾಕು ಅಂತ ಬಿಂದಿಗೆ ನೆಟ್ಟಗೆ ಮಾಡಿದ್ದೇ ತಡ, ನೇತಾಡುತ್ತಿದ್ದ ಎಳೆ ಸರ್ರನೆ ಬಿಂದಿಗೆಯೊಳಕ್ಕೆ ವಾಪಸು!

“ದೊಡ್ಡಪ್ಪಾ! ಇನ್ನೊಂದ್ಸಲ!” ಅಂತ ಕುಣಿದುಬಿಟ್ಟೆ. ಐದು ಸಲ ಸುರಿಸಿದೆ.

“ಸುಮ್ಕಿರು ಮಗಾ,” ಅಂದರು ದೊಡ್ಡಪ್ಪ. “ನಿನ್ ಲೆಕ್ಕ ಸರಿ ಆಗಗಂಟ ಸುರುದ್ರೆ ನನ್ ಬೆಲ್ಲ ಬೆಂಡೆಕಾಯ್ ಗೊಜ್ಜಾಯ್ತದೆ!”

4. ಸೋಮವಾರ

ಮಿಕ್ಕ ಲೋಳೆ ಸಮೇತ ಅದೇ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಲ್ಲಿ ಹೋದೆ. ಮೇಷ್ಟ್ರ ಮುಂದೆ ಬಕೆಟ್ ಇಟ್ಟು ಸುರಿದೆ, ನಿಲ್ಲಿಸಿದೆ. ಎಳೆ ಸರ್ರನೆ ಮೇಲಕ್ಕೆ! ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

“ಇನ್ನೊಂದ್ಸಲ!”

ದೊಡ್ಡಪ್ಪನ ಪಾಡು ಆಗ ನನಗೆ ಗೊತ್ತಾಯಿತು. ಏಳನೇ ಸಲಕ್ಕೆ ಮೇಷ್ಟ್ರು ಆ ಎಳೆಯನ್ನು ಪೆನ್ನಿನಿಂದ ತಿವಿದು ನೋಡಹೋದರು. ಪೆನ್ನು ಜಾರಿ ಬಕೆಟ್ಟಿಗೆ ಬಿತ್ತು.

“ಮೈನಸ್ ಸರಿಯಾಗಿದೆ ಕಣಮ್ಮ! ಅಧ್ಯಾಯ ಇರಲಿ, ಈಗಲೇ ಸಹಿ ಹಾಕ್ತೀನಿ,” ಅಂತ ಪೆನ್ನು ಎತ್ತಿಕೊಂಡರು. ಜಾರಿತು. ಮತ್ತೆ ಹಿಡಿದರು. ಜಾರಿತು. ಮೂರನೇ ಸಲ ಬೀರುವಿನ ಕೆಳಗೇ ಹೋಯಿತು. ಕೊನೆಗೆ ನನ್ನ ಪೆನ್ನಿನಲ್ಲೇ ಸಹಿ ಹಾಕಿದರು. ನನಗೆ ಅಳುವೂ ಬಂತು, ನಗುವೂ ಬಂತು.

ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಪ್ರಬಂಧದ ಮೊದಲ ಪುಟ ತೆಗೆದರು. “ಅಲ್ಲಮ್ಮ, ತಾಗಿದ ಕಡೆ ಈ ದ್ರವ ಜಾರುವುದಿಲ್ಲ ಅಂತ ಬರೆದಿದ್ದೀಯಲ್ಲ! ಯಾರು ಒಪ್ತಾರೆ ಇದನ್ನ?”

“ನಮ್ಮ ಪಕ್ಕದ್ಮನೆ ಅಕ್ಕ ಒಪ್ಪಿದಾರೆ ಸಾರ್!” ಅಂದುಬಿಟ್ಟೆ. “ಅವರ ಸಿಂಕು ಇನ್ನೂ ಕಟ್ಕೊಂಡೇ ಇದೆ.”